ಮೊದಲು ಚಿಂತಾಮಣಿಯೋ ಚಿಕ್ಕಬಳ್ಳಾಪುರವೋ?

ನಂದಿಬೆಟ್ಟದ ಸೀಮೆಯಲ್ಲಿ ನಾಲ್ಕು ಊರುಗಳು ಒಂದರ ಮಗ್ಗುಲಿಗೆ ಒಂದಿವೆ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದ ಇವು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದಾಗ ಅದರ ಪಾಲಿಗೆ ಬಂದುವು. ಈ ನಾಲ್ಕು ಹೆಸರುಗಳನ್ನು ಅಕ್ಷರಾನುಕ್ರಮವಾಗಿ ಬರೆಯಿರೆಂದು ಇಬ್ಬರು ಹುಡುಗರಿಗೆ ಹೇಳಿದೆವೆನ್ನೋಣ. ಇಂಗ್ಲಿಷಿನಲ್ಲಿ ಬರೆಯುವ ಹುಡುಗ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ ಎಂದು ಬರೆಯುತ್ತಾನೆ. ಕನ್ನಡದಲ್ಲಿ ಬರೆಯುವವನು ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಎನ್ನುತ್ತಾನೆ. ನಮ್ಮ ವರ್ಣಮಾಲೆಯಲ್ಲಿ ಗಕಾರ ಚಕಾರಕ್ಕಿಂತ ಮುಂದೆ. ಅನುಸ್ವಾರ ಕಕಾರಕ್ಕಿಂತ ಮುಂದೆ.

ಅಷ್ಟರಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ಮೂರನೆಯವನೊಬ್ಬ ಬಂದು ತಕರಾರು ತೆಗೆಯುತ್ತಾನೆ. ಚಿಂತಾಮಣಿಯ ಸೊನ್ನೆ ನಿಜವಾದ ಅನುಸ್ವಾರವಲ್ಲ, ತಕಾರದ ಹಿಂದೆ ನಿಂತಿರುವ ನಕಾರದ ಸಂಕ್ಷೇಪ. ಆದ್ದರಿಂದ ‘ಚಿನ್ತಾಮಣಿ’ ಎಂದು ಭಾವಿಸಿ ಅದನ್ನು ಚಿಕ್ಕಬಳ್ಳಾಪುರದ ಹಿಂದೆ ಇಡಬೇಕು ಎಂಬುದು ಅವನ ವಾದ. ಅದೂ ಹುರುಳಿಲ್ಲದ ಮಾತಲ್ಲ. ಪಾಶ್ಚಾತ್ಯ ವಿದ್ವಾಂಸರು ರಚಿಸಿದ ಸಂಸ್ಕೃತ ಕೋಶಗಳಲ್ಲಿ ವರ್ಗೀಯ ವ್ಯಂಜನದ ಹಿಂದಿನ ಅನುನಾಸಿಕಕ್ಕೆ ಆಯಾ ವರ್ಗದ ಕೊನೆಯ ಅಕ್ಷರದ ಸ್ಥಾನವೇ ಸಿಕ್ಕಿದೆ. ನಾಲ್ಕೇ ಹೆಸರು, ಮೂರು ಪಟ್ಟಿ, ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿ. ಮನುಷ್ಯರಲ್ಲೇ ಇತ್ಯರ್ಥವಾಗದ ಈ ವ್ಯಾಜ್ಯವನ್ನು ಗಣಕಯಂತ್ರದ ಮುಂದೆ ಇಟ್ಟರೆ ಅದು ಏನು ತೀರ್ಪು ಕೊಟ್ಟೀತು? ಈ ಹೊತ್ತಿನ ನನ್ನ ಮಾತು ಅದನ್ನು ಕುರಿತದ್ದು.

ಇದು ಪಂಡಿತರ ಹರಟೆ ಮಾತ್ರವೆಂದು ನಾನೂ ಒಂದು ಕಾಲದಲ್ಲಿ ಭಾವಿಸಿದ್ದೆ. ಆ ಭ್ರಮೆ ಹರಿದದ್ದು ಕೆಲವು ವರ್ಷಗಳ ಹಿಂದೆ, ಒಂದು ಊರಿನ ಒಂದು ಕಚೇರಿಯಲ್ಲಿ. ಯಾವ ಊರು, ಯಾವ ಕಚೇರಿ ಎಂಬುದು ಬೇಡ. ಗಣಕದಿಂದ ಮುದ್ರಿಸಿ ತೆಗೆದ ಹೆಸರುಗಳ ಪಟ್ಟಿಯನ್ನು ಗುಮಾಸ್ತರು ಮುಂದಿರಿಸಿಕೊಂಡಿದ್ದರು. ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ತನ್ನ ಹೆಸರನ್ನು ವಿಚಾರಿಸಿದಳು. ಯಕಾರದಿಂದ ಮೊದಲಾಗುವ ಹೆಸರು ಅದು. ಗುಮಾಸ್ತರು ಅಕ್ಷರ ಬಲ್ಲವರು. ಮಕಾರ ಮುಗಿದು ರಕಾರ ಮೊದಲಾಗುವ ಎಡೆಯಲ್ಲಿ ಎರಡು ಸಲ ಬೆರಳಾಡಿಸಿದರು. “ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಅಜ್ಜೀ” ಎಂದರು. “ನಾನು ಇದ್ದೀನಲ್ಲಪ್ಪಾ” ಎಂದಳು ಆಕೆ. ಗುಮಾಸ್ತರು ನಕ್ಕರು, ಆಕೆ ನಗಲಿಲ್ಲ. ಅದು ಆಕೆಯ ಮೂರನೆಯ ಪ್ರಯಾಣವೆಂದು ಆಮೇಲೆ ತಿಳಿಯಿತು. ಪಟ್ಟಿಯನ್ನು ಮೊದಲಿನಿಂದ ಓದಿದಾಗ ಆ ಹೆಸರು ಮೊದಲನೆಯ ಹಾಳೆಯಲ್ಲೇ, ಅಕಾರದ ಹೆಸರುಗಳಿಗೂ ಮುಂದೆ ಕುಳಿತಿತ್ತು. ಅಲ್ಲಿ ಹುಡುಕಬೇಕೆಂದು ಯಾರಿಗೆ ತಾನೇ ತೋಚೀತು? ತನ್ನ ಸ್ಥಾನದಲ್ಲಿಲ್ಲದ ಹೆಸರು ಹುಡುಕುವವನ ಪಾಲಿಗೆ ಇಲ್ಲದ ಹೆಸರೇ. ಯಕಾರ ಅಕಾರಕ್ಕಿಂತ ಮುಂದೆ ಹೋದದ್ದು ಹೇಗೆಂಬುದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ಅಕ್ಷರಗಳನ್ನು ಕ್ರಮವಾಗಿ ಜೋಡಿಸಿದವರಲ್ಲಿ ನಮ್ಮ ಪ್ರಾಚೀನರಿಗೆ ಸಮಾನರು ವಿರಳ. ಇಂಗ್ಲಿಷಿನ ಎ, ಬಿ, ಸಿಗಳು ಆ ಸಾಲಿನಲ್ಲಿ ನಿಂತಿರುವುದಕ್ಕೆ ರೂಢಿಯ ಹೊರತು ಬೇರೆ ಕಾರಣ ಹೇಳುವುದು ಕಷ್ಟ. ನಮ್ಮ ವರ್ಣಮಾಲೆಯಾದರೋ ಬಾಯೊಳಗಿನ ಒಂದು ಯಾತ್ರೆ: ಕಂಠದಲ್ಲಿ ಹೊರಟ ಕವರ್ಗದಿಂದ ತುಟಿಗೆ ಬಂದು ನಿಲ್ಲುವ ಪವರ್ಗದವರೆಗೆ ಸ್ಥಾನ ಸ್ಥಾನವಾಗಿ ಸಾಗುತ್ತದೆ. ಬೌದ್ಧರ ಸಂಸ್ಕೃತ ಅಧ್ಯಯನದೊಡನೆ ಈ ಕ್ರಮ ಜಪಾನಿಗೂ ಹೋಯಿತು. ಇಂದು ಅಲ್ಲಿಯ ಮಕ್ಕಳು ಕಲಿಯುವ ಐವತ್ತು ಧ್ವನಿಗಳ ಕೋಷ್ಟಕದ ಕ್ರಮದಲ್ಲಿ ಅದರ ಗುರುತು ಇನ್ನೂ ಉಳಿದಿದೆ.

ಆದರೆ ಒಂದು ಆಶ್ಚರ್ಯ. ಅಕ್ಷರಗಳಿಗೆ ಇಷ್ಟು ಸೊಗಸಾದ ಕ್ರಮ ಕಟ್ಟಿದವರು ಪದಗಳನ್ನು ಆ ಕ್ರಮದಲ್ಲಿ ಜೋಡಿಸುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಅಮರಕೋಶದಲ್ಲಿ ಸ್ವರ್ಗಕ್ಕೊಂದು ವರ್ಗ, ಭೂಮಿಗೊಂದು ವರ್ಗ, ಪುರಕ್ಕೊಂದು ವರ್ಗ. ಕನ್ನಡದಲ್ಲಿ ರನ್ನಕಂದ, ನಾಗವರ್ಮನ ಅಭಿಧಾನವಸ್ತುಕೋಶ, ಮಂಗರಾಜನ ನಿಘಂಟು, ಕಬ್ಬಿಗರ ಕೈಪಿಡಿ ಎಲ್ಲವೂ ಪದ್ಯಗಳು. ಇವು ಹಾಳೆ ಮಗುಚಿ ಹುಡುಕುವುದಕ್ಕಲ್ಲ, ಬಾಯಿಪಾಠ ಮಾಡುವುದಕ್ಕೆ. ನೆನಪಿನಲ್ಲಿ ಇರುವುದನ್ನು ಹುಡುಕುವ ಪ್ರಮೇಯವೆಲ್ಲಿ? ಅಮರನ ನಾನಾರ್ಥವರ್ಗದಲ್ಲಿ ಅಕ್ಷರಕ್ರಮ ಕಾಣಿಸಿಕೊಳ್ಳುತ್ತದೆ ನಿಜ. ಆದರೆ ಅಲ್ಲಿ ಎಣಿಕೆ ಪದದ ಕೊನೆಯ ವ್ಯಂಜನದಿಂದ. ಕಕಾರಾಂತ ಪದಗಳು, ಖಕಾರಾಂತ ಪದಗಳು, ಹೀಗೆ. ಪದವನ್ನು ತಲೆಯಿಂದಲೇ ಹಿಡಿಯಬೇಕು, ಬಾಲದಿಂದ ಹಿಡಿಯಬಾರದು ಎಂಬ ನಿಯಮವೇನೂ ಪ್ರಕೃತಿದತ್ತವಾದದ್ದಲ್ಲ.

ಕನ್ನಡ ಪದಗಳು ಅಕಾರಾದಿಯಾಗಿ ಸಾಲುಗೂಡಿದ್ದು ಮುಖ್ಯವಾಗಿ ಮುದ್ರಣದ ಯುಗದಲ್ಲಿ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನು ಹೊರತಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಫರ್ಡಿನೆಂಡ್ ಕಿಟ್ಟೆಲ್ಲರ ಮಹಾಕೋಶ ಬಂದಿತು. 1915ರಲ್ಲಿ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಮುಂದೆ ಕನ್ನಡ-ಕನ್ನಡ ನಿಘಂಟಿನ ಕೆಲಸವನ್ನು ಕೈಗೊಂಡಿತು. ಅದರ ಮೊದಲ ಸಂಪುಟ ಬಂದದ್ದು 1970ರಲ್ಲಿ. ಎಂಟನೆಯದು, ಕಡೆಯದು, 1995ರಲ್ಲಿ. ಶಾಸನ, ಕಾವ್ಯ, ವಚನಗಳಿಂದ ಎತ್ತಿದ ಪದಗಳನ್ನು ಚೀಟಿಗಳಲ್ಲಿ ಬರೆದು, ಚೀಟಿಗಳನ್ನು ಕೈಯಿಂದ ಅಕಾರಾದಿಗೆ ಜೋಡಿಸಿದ ವಿದ್ವಾಂಸರ ತಪಸ್ಸು ಅದು. ಹಳಗನ್ನಡ ಕಾವ್ಯಗಳ ಹಿಂಭಾಗದಲ್ಲಿ ‘ಪದ್ಯಗಳ ಅಕಾರಾದಿ’ ಎಂದು ಸಣ್ಣ ಅಕ್ಷರಗಳಲ್ಲಿ ಮುದ್ರಿಸುವ ಪುಟಗಳನ್ನು ನಾವು ಉಪಯೋಗಿಸುತ್ತೇವೆ. ಅದನ್ನು ಜೋಡಿಸಿದವರನ್ನು ಮಾತ್ರ ನೆನೆಯುವುದಿಲ್ಲ.

ಆ ಜೋಡಣೆ ಯಾಂತ್ರಿಕ ಕೆಲಸವಾಗಿರಲಿಲ್ಲ. ಹಳಗನ್ನಡದ ಱ, ೞಗಳನ್ನು ಎಲ್ಲಿ ಕೂರಿಸಬೇಕು? ‘ಕಣ್’, ‘ಮಣ್’ ಮುಂತಾದ ವ್ಯಂಜನಾಂತ ಪದಗಳು ‘ಕಣ’, ‘ಮಣ’ಗಳಿಗೆ ಮುಂದೋ ಹಿಂದೋ? ಕ, ಕಾ, ಕಿಗಳು ಮುಗಿದು ಕೌ ಆದ ಮೇಲೆ ‘ಕ್ರಮ’, ‘ಕ್ಷಣ’ಗಳು ಬರಬೇಕೆಂಬ ರೂಢಿ ನಮ್ಮ ಕೋಶಗಳಲ್ಲಿದೆ. ಇಂಥ ಒಂದೊಂದು ರೂಢಿಯ ಹಿಂದೆಯೂ ಯಾರೋ ಕುಳಿತು ಮಾಡಿದ ನಿರ್ಣಯವಿದೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಮರಳೋಣ. ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಅದರಲ್ಲಿ ಕನ್ನಡ, ತೆಲುಗು, ತಮಿಳು ಮೂರು ಭಾಷೆಗಳ ಶಾಸನಗಳೂ ಇವೆ. ಅವುಗಳನ್ನು ರೈಸ್ ಜೋಡಿಸಿದ್ದು ಭಾಷೆಯಿಂದಲ್ಲ, ಅಕ್ಷರದಿಂದಲ್ಲ, ನೆಲದಿಂದ: ತಾಲ್ಲೂಕಿನ ಹೆಸರು, ಅದರೊಳಗೆ ಒಂದು ಸಂಖ್ಯೆ. ಚಿಂತಾಮಣಿ ಇಂತಿಷ್ಟನೆಯದು, ಶಿಡ್ಲಘಟ್ಟ ಇಂತಿಷ್ಟನೆಯದು ಎಂದರೆ ಇಂದಿಗೂ ಸಂಶೋಧಕರಿಗೆ ಕಲ್ಲು ಸಿಕ್ಕುತ್ತದೆ. ಹಲವು ಲಿಪಿಗಳು ಕೂಡಿದಲ್ಲಿ ಎಲ್ಲಕ್ಕೂ ಸಾಮಾನ್ಯವಾದ ಒಂದು ಸಂಖ್ಯೆಯನ್ನು ಕೊಟ್ಟುಬಿಡುವ ಉಪಾಯ ಅದು. ಮುಂದೆ ಗಣಕದವರು ಹಿಡಿದದ್ದೂ ಇದೇ ಉಪಾಯವನ್ನು.

ಈ ಸೀಮೆಯ ಜನಕ್ಕೆ ಲಿಪಿ ಬೇರೆ, ಭಾಷೆ ಬೇರೆ, ಕ್ರಮ ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಸಂಸಾರಗಳು ಇಲ್ಲಿ ಎಷ್ಟೋ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ ನಾರಾಯಣಪ್ಪನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಅವರ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಓದಿಕೊಂಡು ಹಾಡುವವರಿದ್ದಾರೆ. ಆ ಪದಗಳ ಅಕಾರಾದಿಯನ್ನು ತೆಲುಗು ಲಿಪಿಯಲ್ಲಿ ಮಾಡಿದರೂ ಕನ್ನಡ ಲಿಪಿಯಲ್ಲಿ ಮಾಡಿದರೂ ಸಾಲು ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಕ್ರಮ ಹುಟ್ಟಿದ್ದು ಅಕ್ಷರದ ಆಕಾರದಿಂದಲ್ಲ, ಉಚ್ಚಾರದಿಂದ.

ಇನ್ನು ಗಣಕಯಂತ್ರ. ಅದಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. 1963ರಲ್ಲಿ ಅಮೆರಿಕದವರು ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಹಂಚಿ ಒಂದು ಪ್ರಮಾಣವನ್ನು ಗೊತ್ತುಮಾಡಿದರು. ದೊಡ್ಡ ‘ಎ’ಗೆ 65, ‘ಬಿ’ಗೆ 66, ಹೀಗೆ ಸಾಲಾಗಿ. ಸಂಖ್ಯೆಗಳ ಏರಿಕೆಯೇ ಅಕ್ಷರಗಳ ಕ್ರಮವಾದದ್ದರಿಂದ ಪದಗಳನ್ನು ಜೋಡಿಸುವುದು ಯಂತ್ರಕ್ಕೆ ಸುಲಭವಾಯಿತು. ಅಲ್ಲಿಯೂ ತೊಡಕಿತ್ತು: ಮುಂದೆ ಸೇರಿದ ಸಣ್ಣ ಅಕ್ಷರಗಳು 97ರಿಂದ ಮೊದಲಾದುವು. ಸಂಖ್ಯೆಯನ್ನಷ್ಟೇ ನಂಬಿದರೆ ದೊಡ್ಡಕ್ಷರದ ‘ಝಡ್’ ಸಣ್ಣಕ್ಷರದ ‘ಎ’ಗಿಂತ ಮುಂದೆ ಬರುತ್ತದೆ. ಯೂರೋಪಿನ ಇತರರ ಪಾಡು ಇನ್ನೂ ಕಷ್ಟದ್ದು. ತಲೆಯ ಮೇಲೆ ಎರಡು ಚುಕ್ಕೆಯಿರುವ ‘ಎ’ ಅಕ್ಷರವನ್ನು ಜರ್ಮನರು ‘ಎ’ಯ ಜೊತೆಗೇ ಇಡುತ್ತಾರೆ, ಸ್ವೀಡನ್ನಿನವರು ವರ್ಣಮಾಲೆಯ ಕೊನೆಗೆ ಒಯ್ಯುತ್ತಾರೆ. ಸ್ಪೇನಿನ ಭಾಷೆಯಲ್ಲಿ ‘ಸಿ’ ಮತ್ತು ‘ಎಚ್’ ಕೂಡಿದರೆ ಅದೊಂದು ಬೇರೆಯೇ ಅಕ್ಷರವೆಂದು ಎಣಿಸಿ, ‘ಸಿ’ಯ ಪದಗಳೆಲ್ಲ ಮುಗಿದ ಮೇಲೆ ಇಡುತ್ತಿದ್ದರು. ಆ ಪದ್ಧತಿಯನ್ನು ಅವರ ಭಾಷಾ ಅಕಾಡೆಮಿಗಳು ಕೈಬಿಟ್ಟದ್ದು 1994ರಲ್ಲಿ. ಚೀನೀಯರ 1716ರ ಕಾಂಗ್‌ಶಿ ಕೋಶದಲ್ಲಿ ಅಕ್ಷರಗಳನ್ನು 214 ಮೂಲಾಂಗಗಳ ಕೆಳಗೆ, ಗೆರೆಗಳ ಎಣಿಕೆಯಿಂದ ಜೋಡಿಸಿದ್ದಾರೆ. ಲೋಕಕ್ಕೆಲ್ಲ ಒಂದೇ ಅಕಾರಾದಿ ಎಂಬುದು ಇಲ್ಲ.

ಕನ್ನಡ ಗಣಕವನ್ನು ಹೊಕ್ಕದ್ದು ಬಹುಮಟ್ಟಿಗೆ ಮುದ್ರಣದ ಬಾಗಿಲಿನಿಂದ. ತೆರೆಯ ಮೇಲೆ, ಕಾಗದದ ಮೇಲೆ ಅಕ್ಷರ ಅಂದವಾಗಿ ಮೂಡಿದರೆ ಸಾಕಾಗಿತ್ತು. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಪೀಠಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದರು, ಮೊಳೆ ಜೋಡಿಸುವವನು ಮನೆಮನೆಯಾದ ಪೆಟ್ಟಿಗೆಯಲ್ಲಿ ತುಂಡುಗಳನ್ನು ಇಟ್ಟುಕೊಳ್ಳುವಂತೆ. ತೊಂಬತ್ತರ ದಶಕದ ಕೊನೆಯಿಂದ ಬಹಳ ವರ್ಷ ಬಳಕೆಯಲ್ಲಿದ್ದ ಒಂದು ಏರ್ಪಾಟಿನಲ್ಲಿ ‘ಕ’ದ ಮುಖ್ಯ ತುಂಡು ‘ಪಿ’ಯ ಪೀಠದಲ್ಲಿ, ‘ಕಿ’ ಅದರ ಮುಂದಿನ ‘ಕ್ಯೂ’ ಪೀಠದಲ್ಲಿ, ‘ನ’ ಪೌಂಡು ನಾಣ್ಯದ ಗುರುತಿನ ಪೀಠದಲ್ಲಿ. ಮಕಾರವನ್ನು ವಕಾರಕ್ಕೆ ಕೊಂಬು ಸೇರಿಸಿ ಬರೆದರು. ಯಕಾರವನ್ನು ಒಂದು ಸೊನ್ನೆ, ಅದರ ಮುಂದೆ ಉಳಿದ ತುಂಡುಗಳು, ಹೀಗೆ ಕಟ್ಟಿದರು. ಸೊನ್ನೆಯ ಪೀಠವೋ ದೊಡ್ಡ ‘ಎ’ಯದು, ಸಂಖ್ಯೆ 65, ಅಕಾರದ್ದು ‘ಸಿ’ಯ ಪೀಠ, ಸಂಖ್ಯೆ 67. ಕಣ್ಣಿಗೆ ಎಲ್ಲವೂ ಸರಿ. ಆದರೆ ಪದಗಳನ್ನು ಜೋಡಿಸು ಎಂದ ಕೂಡಲೇ ಯಂತ್ರ ತನ್ನ ಸಂಖ್ಯೆಗಳನ್ನು ಮಾತ್ರ ನೋಡಿತು. ಮಕಾರದ ಪದಗಳು ವಕಾರದ ನಡುವೆ ಹೊಕ್ಕುವು. ‘ಕು’ ‘ಕಿ’ಗಿಂತ ಮುಂದಾಯಿತು. ಅರ್ಕಾವತ್ತನ್ನು ಕಾಣುವಂತೆಯೇ ಅಕ್ಷರದ ಮುಂದೆ ಬರೆದಿದ್ದರಿಂದ ‘ಕರ್ನಾಟಕ’ ಎಂಬುದು ಯಂತ್ರಕ್ಕೆ ‘ಕನಾ’ ಎಂದು ಮೊದಲಾಗುವ ಪದವಾಗಿ, ‘ಕಬ್ಬು’, ‘ಕಮಲ’ಗಳನ್ನು ದಾಟಿ ‘ಕನ್ನಡ’ದ ಪಕ್ಕಕ್ಕೆ ಬಂದು ನಿಂತಿತು. ಯಕಾರ ಅಕಾರವನ್ನೇ ಹಿಂದೆ ಹಾಕಿತು. ನಮ್ಮ ಮುದುಕಿಯ ಹೆಸರು ಮೊದಲ ಹಾಳೆಗೆ ಹೋದ ಕಥೆ ಇದು. ನೋಡುವ ಕಣ್ಣಿಗಾಗಿ ಬರೆದ ಬರಹಕ್ಕೂ ಹುಡುಕುವ ಬುದ್ಧಿಗಾಗಿ ಬರೆದ ಬರಹಕ್ಕೂ ಇರುವ ವ್ಯತ್ಯಾಸವನ್ನು ಆ ಸಣ್ಣ ಸೊನ್ನೆ ಬಯಲಿಗೆಳೆಯಿತು.

ಉಚ್ಚಾರವನ್ನೇ ಆಧಾರವಾಗಿ ಹಿಡಿದು ಸಂಖ್ಯೆ ಹಂಚಬೇಕೆಂಬ ವಿವೇಕ ಆಗ ಇರಲಿಲ್ಲವೆಂದಲ್ಲ. 1988ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ ಎಂಬ ಸಂಕೇತದಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ನಾಗರಿಯ ಕಕಾರಕ್ಕೂ ಒಂದೇ ಸಂಖ್ಯೆ. ಲಿಪಿಯನ್ನು ಬದಲಾಯಿಸಿದರೆ ವೇಷ ಬದಲಾಗುತ್ತಿತ್ತು, ಸಾಲು ಬದಲಾಗುತ್ತಿರಲಿಲ್ಲ. ಕೈವಾರದ ತಾತಯ್ಯನವರ ಪದಗಳಿಗೆ ಹೇಳಿ ಮಾಡಿಸಿದಂಥ ವ್ಯವಸ್ಥೆ ಅದು. ಅದೇ 1991ರಲ್ಲಿ ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪ್ರಕಟವಾಯಿತು. ಕಾಲಕ್ರಮದಲ್ಲಿ ಗೆದ್ದದ್ದು ಅದೇ. ಅದರಲ್ಲಿ ತೆಲುಗು, ಕನ್ನಡ ಲಿಪಿಗಳಿಗೆ ಒಂದೊಂದಕ್ಕೂ 128 ಮನೆಗಳ ಕೇರಿ. ತೆಲುಗಿನ ಕೇರಿ ಮುಂದೆ, ಅದಕ್ಕೆ ಅಂಟಿಕೊಂಡು ಕನ್ನಡದ್ದು. ತೆಲುಗಿನ ಕಕಾರ 3093, ಕನ್ನಡದ್ದು 3221. ಸಂಖ್ಯೆಯನ್ನೇ ನಂಬಿ ಎರಡು ಭಾಷೆಯ ಹೆಸರುಗಳನ್ನು ಕಲಸಿ ಜೋಡಿಸಿದರೆ, ತೆಲುಗಿನ ಕಟ್ಟಕಡೆಯ ಹೆಸರು ಮುಗಿದ ಮೇಲೆಯೇ ಕನ್ನಡದ ಮೊದಲ ಹೆಸರು.

ಯೂನಿಕೋಡಿನ ಸಂಖ್ಯೆಗಳೂ ನಮ್ಮ ವರ್ಣಮಾಲೆಯಲ್ಲ. ಳಕಾರವನ್ನು ನೋಡಿ. ನಮ್ಮ ಮಕ್ಕಳು ‘ಶ ಷ ಸ ಹ ಳ’ ಎಂದು ಅದನ್ನು ಕೊನೆಯಲ್ಲಿ ಹೇಳುತ್ತಾರೆ. ಯೂನಿಕೋಡಿನಲ್ಲಿ ಲಕಾರ 3250, ಳಕಾರ 3251, ವಕಾರ 3253. ಹೀಗಾಗಿ ಚಿಕ್ಕಬಳ್ಳಾಪುರದಲ್ಲಿರುವ ‘ಬಳ್ಳ’ ನಿಘಂಟಿನಲ್ಲಿ ‘ಬಸದಿ’ಯ ಹಿಂದೆ, ಬರಿಯ ಸಂಖ್ಯೆಯ ಸಾಲಿನಲ್ಲಿ ‘ಬಸದಿ’ಗಿಂತ ಮುಂದೆ. ಇದನ್ನು ಬಲ್ಲವರು ಸಂಖ್ಯೆಯೇ ಕ್ರಮವೆಂಬ ನಂಬಿಕೆಯನ್ನು ಬಿಟ್ಟುಕೊಟ್ಟಿದ್ದಾರೆ. ಈಗ ಸಂಖ್ಯೆ ಅಕ್ಷರದ ವಿಳಾಸ ಮಾತ್ರ. ಕ್ರಮಕ್ಕಾಗಿ ಬೇರೊಂದು ಪಟ್ಟಿಯಿದೆ. ಅದರಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ತೂಕ. ಯಂತ್ರ ಪದಗಳನ್ನು ಹೋಲಿಸುವಾಗ ವಿಳಾಸ ನೋಡುವುದಿಲ್ಲ, ತೂಗಿ ನೋಡುತ್ತದೆ. ಆ ಪಟ್ಟಿಯಲ್ಲಿ ಳಕಾರ ಹಕಾರದ ಆಚೆಗೆ, ತನ್ನ ಹಳೆಯ ಮನೆಗೆ ಮರಳಿದೆ. ಒಂದೊಂದು ಭಾಷೆಯವರೂ ತಮ್ಮ ರೂಢಿಗೆ ತಕ್ಕಂತೆ ಆ ತೂಕಗಳನ್ನು ತಿದ್ದಿಕೊಳ್ಳಲು ಅವಕಾಶವಿದೆ. ಸ್ವೀಡನ್ನಿನವರು ತಿದ್ದಿಕೊಂಡರು, ಜರ್ಮನರು ತಿದ್ದಿಕೊಂಡರು. ಕನ್ನಡಕ್ಕೆ ಕೀಲಿಮಣೆ ರೂಪಿಸಿದ ಕೆ. ಪಿ. ರಾವ್ ಅವರಂಥವರು ಭಾಷೆ ಮತ್ತು ಯಂತ್ರ ಎರಡನ್ನೂ ಬಲ್ಲವರಾಗಿದ್ದರಿಂದ ನಮಗೂ ಈ ದಾರಿ ತೆರೆದಿದೆ.

ಆದರೂ ಯಂತ್ರ ತಾನಾಗಿ ನಿರ್ಣಯಿಸಲಾರದ ವಿಷಯಗಳು ಉಳಿದೇ ಇವೆ. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಶಿಕ್ಷಣತಜ್ಞ ನರಸಿಂಹಯ್ಯನವರು ಊರಿನ ಹೆಸರನ್ನು ಒಂದಕ್ಷರವಾಗಿ ಮುಂದಿಟ್ಟುಕೊಂಡು ಎಚ್. ನರಸಿಂಹಯ್ಯ ಎಂದಾದರು. ಹೊಸೂರು ಎಂದರೆ ಹಕಾರ, ವರ್ಣಮಾಲೆಯ ತುದಿ. ‘ಎಚ್’ ಎಂದು ಕನ್ನಡದಲ್ಲಿ ಬರೆದೊಡನೆ ಅವರು ಎಕಾರಕ್ಕೆ, ಸ್ವರಗಳ ನಡುವಿಗೆ ಹೋಗುತ್ತಾರೆ. ಮೋಕ್ಷಗುಂಡದ ವಿಶ್ವೇಶ್ವರಯ್ಯನವರೂ ‘ಎಂ’ ಆಗಿ ಅಲ್ಲಿಗೇ ಬರುತ್ತಾರೆ. ಎಲ್, ಎನ್, ಎಸ್ ಎಂಬ ಅಕ್ಷರಗಳ ಹೆಸರಿನವರೂ ಅಲ್ಲಿಯೇ. ಇಂಗ್ಲಿಷ್ ಅಕ್ಷರದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುವ ನಮ್ಮ ಅಭ್ಯಾಸದಿಂದ ಕನ್ನಡ ನಾಡಿನ ಎಷ್ಟೋ ಜನ ಎಕಾರದ ಒಂದೇ ಓಣಿಯಲ್ಲಿ ಕಿಕ್ಕಿರಿದಿದ್ದಾರೆ. ಯಲ್ಲಮ್ಮನನ್ನು ಎಲ್ಲಮ್ಮನೆಂದೂ, ಶಿಡ್ಲಘಟ್ಟವನ್ನು ಸಿಡ್ಲಘಟ್ಟವೆಂದೂ ಬರೆಯುವವರಿದ್ದಾರೆ. ‘ಮೋಹನ್’ ಎಂದು ಅರ್ಧಾಕ್ಷರದಿಂದ ಮುಗಿಸಿದರೆ ಆತ ‘ಮೋಹನ’ನಿಂದ ದೂರವಾಗಿ, ‘ಮೋಹನರಾಯ’, ‘ಮೋಹನಾಂಗಿ’ಯರೆಲ್ಲ ಕಳೆದ ಮೇಲೆ ಬರುತ್ತಾನೆ. ಇಲ್ಲಿ ತಪ್ಪು ಯಂತ್ರದ್ದೆಂದು ಹೇಳುವುದು ನ್ಯಾಯವಲ್ಲ. ನಾವು ಹೇಳದೆ ಬಿಟ್ಟದ್ದನ್ನು ಅದು ತಿಳಿಯಲಾರದು.

ಕೋಶದ ಚೀಟಿಗಳನ್ನು ಜೋಡಿಸಿದ ವಿದ್ವಾಂಸರು ಇಂಥ ಸಂದೇಹ ಬಂದಾಗ ಕೈ ತಡೆದು, ಪಕ್ಕದವರನ್ನು ಕೇಳಿ, ಚರ್ಚಿಸಿ ಮುಂದುವರಿಯುತ್ತಿದ್ದರು. ಯಂತ್ರ ತಡೆಯುವುದಿಲ್ಲ. ತಪ್ಪಾದ ಸಾಲನ್ನೂ ಅದು ಸರಿಯಾದ ಸಾಲಿನಷ್ಟೇ ಅಚ್ಚುಕಟ್ಟಾಗಿ, ಕ್ಷಣಮಾತ್ರದಲ್ಲಿ ಮುದ್ರಿಸಿ ಕೊಡುತ್ತದೆ. ಆ ಅಚ್ಚುಕಟ್ಟೇ ಅಪಾಯ. ಕೈಬರಹದ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಬರೆದವನ ಮೇಲೆ ಅನುಮಾನ ಬರುತ್ತಿತ್ತು. ಯಂತ್ರದ ಪಟ್ಟಿಯಲ್ಲಿ ಕಾಣದಿದ್ದರೆ ಕೇಳಲು ಬಂದವರ ಮೇಲೆಯೇ ಅನುಮಾನ. ಪಹಣಿ, ಪಿಂಚಣಿ, ಮತದಾರರ ಪಟ್ಟಿಗಳೆಲ್ಲ ಯಂತ್ರದ ವಶವಾಗಿರುವ ಈ ಕಾಲದಲ್ಲಿ ಅಕಾರಾದಿ ಎಂಬುದು ವೈಯಾಕರಣರ ಸ್ವತ್ತಾಗಿ ಉಳಿದಿಲ್ಲ. ಅದು ಹಕ್ಕಿನ ಮಾತು.

ಹಾಗಾದರೆ ಮೊದಲು ಚಿಂತಾಮಣಿಯೋ ಚಿಕ್ಕಬಳ್ಳಾಪುರವೋ? ಕನ್ನಡದ ರೂಢಿಯಂತೆ ಚಿಂತಾಮಣಿ ಎಂದು ನನ್ನ ಮತ. ಬೇರೆಯವರಿಗೆ ಬೇರೆ ಮತವಿರಬಹುದು. ಎರಡು ಊರುಗಳವರೂ ಇದಕ್ಕಾಗಿ ಮುನಿಯಲಾರರು. ಆದರೆ ಯಾವುದಾದರೂ ಒಂದನ್ನು ನಾವೇ ಕೂತು ಗೊತ್ತುಮಾಡಬೇಕು, ಗೊತ್ತುಮಾಡಿದ್ದನ್ನು ಎಲ್ಲ ಕಚೇರಿಗಳಲ್ಲೂ ಒಂದೇ ಬಗೆಯಾಗಿ ನಡೆಸಬೇಕು. ಪಟ್ಟಿಯಲ್ಲಿ ಕಾಣದ ಹೆಸರನ್ನು ‘ಇಲ್ಲ’ ಎನ್ನುವ ಮೊದಲು ಗುಮಾಸ್ತರು ಒಮ್ಮೆ ಮೊದಲ ಹಾಳೆಯನ್ನೂ ನೋಡಬೇಕು.

ಅಂದು ಆ ಮುದುಕಿ ತನ್ನ ಹೆಸರಿನ ಮೇಲೆ ಗುಮಾಸ್ತರ ಬೆರಳು ನಿಂತದ್ದನ್ನು ಕಂಡು ಹೆಚ್ಚೇನೂ ಹೇಳಲಿಲ್ಲ. ಓದಲು ಬಾರದವಳಾದರೂ ಆ ಸಾಲನ್ನು ಬಾಗಿ ನೋಡಿದಳು, ಹೆಬ್ಬೆಟ್ಟು ಒತ್ತಿದಳು, ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.